ಜಗಲಿ ತೆರೆದಿಟ್ಟವರು ಯಾರು?

ಕಂಪ್ಯೂಟರ್ ಕಳ್ಳತನವೆಂದರೆ ನಮ್ಮ ಕಣ್ಣಮುಂದೆ ಬರುವುದು ಹೊರಗಿನಿಂದ ಬಾಗಿಲು ಮುರಿದು ನುಗ್ಗುವವನು. ಡೇಟಾಬೇಸ್ ಕಾಯುವುದನ್ನೇ ಕಸುಬಾಗಿ ಮಾಡಿಕೊಂಡ ನನಗೆ ಹೆಚ್ಚು ಚಿಂತೆ ಹಚ್ಚುವವನು ಬೇರೆಯೇ ಇದ್ದಾನೆ. ಅವನು ಬಾಗಿಲಿನಿಂದಲೇ ಬಂದವನು, ಪಾಸ್‌ವರ್ಡ್ ಸರಿಯಿರುವವನು, ಸಣ್ಣದೊಂದು ಕೆಲಸಕ್ಕೆ ಸಣ್ಣದೊಂದು ಅಧಿಕಾರ ಪಡೆದವನು. ಆ ಸಣ್ಣ ಅಧಿಕಾರವನ್ನೇ ಮೆಟ್ಟಿಲು ಮಾಡಿಕೊಂಡು ಅವನು ಯಜಮಾನನ ಪೀಠಕ್ಕೆ ಏರುವುದನ್ನು ನಮ್ಮವರು ‘ಪ್ರಿವಿಲೇಜ್ ಎಸ್ಕಲೇಷನ್’ ಎನ್ನುತ್ತಾರೆ. ಹಾಗೆ ಏರಿದವನನ್ನು ಬೈಯುವುದು ಸುಲಭ. ಏಣಿ ಇಟ್ಟವರು ಯಾರು ಎಂದು ಕೇಳುವುದೇ ಕಷ್ಟ, ಈ ಬರಹದ ಜಗಳ ಅದರ ಬಗ್ಗೆ.

2018ರ ಮಾರ್ಚ್ 1ರಂದು ಪೋಸ್ಟ್‌ಗ್ರೆಸ್‌ಕ್ಯೂಎಲ್ ತಂಡ ಒಂದು ಲೋಪವನ್ನು ಪ್ರಕಟಿಸಿತು. ಅದರ ಸಂಖ್ಯೆ ಸಿವಿಇ-2018-1058. ಪೋಸ್ಟ್‌ಗ್ರೆಸ್ ಮುಕ್ತ ತಂತ್ರಾಂಶ, ಬ್ಯಾಂಕಿನಿಂದ ವಿಶ್ವವಿದ್ಯಾಲಯದವರೆಗೆ ಎಲ್ಲೆಡೆ ಬಳಕೆಯಲ್ಲಿದೆ, ನನಗೂ ಅಚ್ಚುಮೆಚ್ಚು. ಅಚ್ಚುಮೆಚ್ಚು ಎಂಬ ಕಾರಣಕ್ಕೇ ಈ ಮಾತು ಆಡಬೇಕಾಗಿದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಲೋಪ ನನಗಿಂತ ಬೇಗ ಅರ್ಥವಾದೀತು. ಏಕೆಂದರೆ ಇದು ಒಂದು ಶ್ಲೇಷೆ.

ಡೇಟಾಬೇಸಿನೊಳಗೆ ಟೇಬಲ್ಲು, ಫಂಕ್ಷನ್ನುಗಳನ್ನು ಇಡುವ ಕೋಣೆಗೆ ‘ಸ್ಕೀಮಾ’ ಎಂದು ಹೆಸರು. ಪೋಸ್ಟ್‌ಗ್ರೆಸ್‌ಗೆ ಈ ಏರ್ಪಾಡು ಬಂದದ್ದು 2002ರ ನವೆಂಬರಿನಲ್ಲಿ, 7.3ನೇ ಆವೃತ್ತಿಯ ಜೊತೆ. ಅಂದಿನಿಂದ ಪ್ರತಿ ಹೊಸ ಡೇಟಾಬೇಸಿನಲ್ಲೂ ‘ಪಬ್ಲಿಕ್’ ಎಂಬ ಸ್ಕೀಮಾ ತಾನಾಗಿಯೇ ಇರುತ್ತಿತ್ತು. ಒಳಗೆ ಬಂದ ಯಾರು ಬೇಕಾದರೂ ಅಲ್ಲಿ ಏನನ್ನಾದರೂ ಸೃಷ್ಟಿಸಿ ಇಡಬಹುದಿತ್ತು. ಹಳ್ಳಿಮನೆಯ ಜಗಲಿಯಂತೆ. ದಾರಿಹೋಕರು ಜಗಲಿಯ ಮೇಲೆ ಕೂತರೆ ತಪ್ಪೇನಿಲ್ಲ. ಆದರೆ ಇಲ್ಲಿ ಮನೆಯ ಯಜಮಾನನೂ ತನ್ನ ಸಾಮಾನು ಹುಡುಕುವಾಗ ಜಗಲಿಯ ಮೇಲೂ ಕೈಯಾಡಿಸುತ್ತಿದ್ದ. ಕೈಗೆ ಸಿಕ್ಕಿದ್ದು ತನ್ನದೋ ಪರರದ್ದೋ ಎಂದು ನೋಡುತ್ತಿರಲಿಲ್ಲ.

ಒಂದು ಉದಾಹರಣೆ. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಸಣ್ಣಕ್ಷರ ಮಾಡುವ ‘ಲೋಯರ್’ ಎಂಬ ಫಂಕ್ಷನ್ ಪೋಸ್ಟ್‌ಗ್ರೆಸ್‌ನಲ್ಲೇ ಇದೆ. ಅದನ್ನು ಬರೆದಿರುವುದು ‘ಟೆಕ್ಸ್ಟ್’ ಜಾತಿಯ ದತ್ತಾಂಶಕ್ಕೆ. ಸಾಮಾನ್ಯ ಬಳಕೆದಾರನೊಬ್ಬ ಅದೇ ಹೆಸರಿನ ಇನ್ನೊಂದು ಫಂಕ್ಷನ್ನನ್ನು ‘ವಾರ್‌ಕ್ಯಾರ್’ ಜಾತಿಗೆಂದು ಬರೆದು ಪಬ್ಲಿಕ್‌ನಲ್ಲಿ ಇಡುತ್ತಾನೆ. ಮುಂದೊಂದು ದಿನ ಸೂಪರ್‌ಯೂಸರ್ ವಾರ್‌ಕ್ಯಾರ್ ಕಾಲಮ್ಮಿನ ಮೇಲೆ ‘ಲೋಯರ್’ ಎಂದು ಕರೆಯುತ್ತಾನೆ. ಹೆಚ್ಚು ಹತ್ತಿರ ಹೊಂದುವುದು ಯಾವುದೆಂದು ಸರ್ವರ್ ನೋಡುತ್ತದೆ, ಜಗಲಿಯ ಮೇಲಿನದನ್ನೇ ಆರಿಸುತ್ತದೆ. ಫಂಕ್ಷನ್ ಓಡುವುದು ಬರೆದವನ ಅಧಿಕಾರದಲ್ಲಲ್ಲ, ಕರೆದವನ ಅಧಿಕಾರದಲ್ಲಿ. ಒಳಗೆ ‘ಈ ಬಳಕೆದಾರನನ್ನೂ ಸೂಪರ್‌ಯೂಸರ್ ಮಾಡು’ ಎಂಬ ಒಂದು ಸಾಲು ಅಡಗಿದ್ದರೆ ಕೆಲಸ ಮುಗಿಯಿತು. ಬೀಗ ಒಡೆಯಲಿಲ್ಲ, ಗುಟ್ಟು ಕದಿಯಲಿಲ್ಲ. ಒಂದು ಪದಕ್ಕೆ ಎರಡನೆಯ ಅರ್ಥ ಕೊಟ್ಟರು, ಅಷ್ಟೆ.

ಇನ್ನೂ ಕಹಿಯಾದ ಸಂಗತಿಯಿದೆ. ಬ್ಯಾಕಪ್ ತೆಗೆಯುವ ‘ಪಿಜಿ ಡಂಪ್’, ಸ್ವಚ್ಛ ಮಾಡುವ ‘ವ್ಯಾಕ್ಯೂಮ್‌ಡಿಬಿ’ ಮುಂತಾದ ಪೋಸ್ಟ್‌ಗ್ರೆಸ್‌ನದೇ ಸಾಧನಗಳೂ ಈ ಬಲೆಗೆ ಬೀಳುವಂತಿದ್ದವು. ಇವನ್ನು ಓಡಿಸುವುದು ಸಾಮಾನ್ಯವಾಗಿ ಸೂಪರ್‌ಯೂಸರ್. ಮನೆ ಕಾಯಲು ಇಟ್ಟವರೇ ಕಳ್ಳನಿಗೆ ದೀಪ ಹಿಡಿದಂತೆ.

ಹಾಗಾದರೆ 2018ರಲ್ಲಿ ಏನು ಮಾಡಿದರು? ಆ ಸಾಧನಗಳನ್ನು ಸರಿಪಡಿಸಿದರು. ಕೈಪಿಡಿಯಲ್ಲಿ ಎಚ್ಚರಿಕೆಯನ್ನು ವಿಸ್ತರಿಸಿದರು. ಜಗಲಿಯನ್ನು ಮಾತ್ರ ಹಾಗೆಯೇ ತೆರೆದಿಟ್ಟರು. ಹೊಸ ಡೇಟಾಬೇಸುಗಳಲ್ಲಿ ಪಬ್ಲಿಕ್‌ನಲ್ಲಿ ಸೃಷ್ಟಿಸುವ ಹಕ್ಕನ್ನು ಎಲ್ಲರಿಂದ ಹಿಂತೆಗೆದುಕೊಂಡದ್ದು 2022ರ ಅಕ್ಟೋಬರಿನಲ್ಲಿ, 15ನೇ ಆವೃತ್ತಿಯಲ್ಲಿ. 2002ರಿಂದ ಎಣಿಸಿದರೆ ಹತ್ತಿರಹತ್ತಿರ ಇಪ್ಪತ್ತು ವರ್ಷ.

ಇದನ್ನು ಹೇಳಿದಾಗ ನನ್ನ ಕಸುಬಿನವರು ಕೊಡುವ ಉತ್ತರ ಒಂದೇ: ‘ಕೈಪಿಡಿಯಲ್ಲಿ ಬರೆದಿತ್ತಲ್ಲ, ಓದಬೇಕಿತ್ತು.’ ಬರೆದಿದ್ದುದು ನಿಜ. ‘ರಿವೋಕ್ ಕ್ರಿಯೇಟ್ ಆನ್ ಸ್ಕೀಮಾ ಪಬ್ಲಿಕ್ ಫ್ರಮ್ ಪಬ್ಲಿಕ್’ ಎಂಬ ಆಜ್ಞೆ 2018ಕ್ಕೆ ಬಹಳ ಮೊದಲೇ ಅಲ್ಲಿತ್ತು. ಮೊದಲ ಪಬ್ಲಿಕ್ ಎಂದರೆ ಸ್ಕೀಮಾ, ಎರಡನೆಯದು ಎಂದರೆ ಎಲ್ಲ ಬಳಕೆದಾರರು ಎಂದು ಕೈಪಿಡಿಯೇ ಬಿಡಿಸಿ ಹೇಳಬೇಕಾಗಿತ್ತು. ಒಂದೇ ಸಾಲಿನಲ್ಲಿ ಒಂದೇ ಪದಕ್ಕೆ ಎರಡರ್ಥ ಇಟ್ಟವರು ಓದುಗನಿಗೆ ‘ಗಮನವಿಟ್ಟು ಓದಬಾರದಿತ್ತೇ’ ಎನ್ನುವುದು ಯಾವ ನ್ಯಾಯ?

ಮತ್ತೊಂದು ವಾದಕ್ಕೆ ಹೆಚ್ಚು ತೂಕವಿದೆ. ಹಕ್ಕನ್ನು ಥಟ್ಟನೆ ಕಿತ್ತುಕೊಂಡರೆ ಅದನ್ನೇ ನಂಬಿ ಬರೆದ ಸಾವಿರಾರು ಅಪ್ಲಿಕೇಷನ್ನುಗಳು ನಿಂತುಹೋಗುತ್ತವೆ ಎಂಬುದು. ನಾನು ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ವಾದ ಹಳೆಯ ಡೇಟಾಬೇಸುಗಳಿಗೆ ಒಪ್ಪುತ್ತದೆ. ಹೊಸದಾಗಿ ಹುಟ್ಟುವ ಡೇಟಾಬೇಸಿಗೆ ತೆರೆದ ಜಗಲಿ ಏಕೆ ಬೇಕಿತ್ತು? ಅದನ್ನು ಹೊಸದಕ್ಕೆ ಮಾತ್ರ ಮುಚ್ಚಬಹುದೆಂದು 15ನೇ ಆವೃತ್ತಿಯೇ ತೋರಿಸಿಕೊಟ್ಟಿದೆ. ಹಳೆಯದನ್ನು ಅಪ್‌ಗ್ರೇಡ್ ಮಾಡಿದರೆ ಹಳೆಯ ಅನುಮತಿಗಳೇ ಈಗಲೂ ಮುಂದುವರಿಯುತ್ತವೆ. ಅಂದರೆ 15 ಹಾಕಿಕೊಂಡೆವು ಎಂದು ನೆಮ್ಮದಿಯಾಗಿರುವ ಎಷ್ಟೋ ಕಚೇರಿಗಳಲ್ಲಿ ಜಗಲಿ ಇವತ್ತಿಗೂ ತೆರೆದೇ ಇರಬಹುದು.

ಡೀಫಾಲ್ಟ್ ಎನ್ನುವುದು ಬರೀ ತಾಂತ್ರಿಕ ವಿವರವಲ್ಲ, ಅದೊಂದು ತೀರ್ಮಾನ. ಕೈಪಿಡಿ ಓದಲು ಸಮಯವಿಲ್ಲದವರ ಪರವಾಗಿ, ಓದುವ ಭಾಷೆ ಬಾರದವರ ಪರವಾಗಿ, ಒಬ್ಬನೇ ಹತ್ತು ಕೆಲಸ ಮಾಡುವ ಸಣ್ಣ ಕಾಲೇಜಿನ ಸಿಬ್ಬಂದಿಯ ಪರವಾಗಿ ಯಾರೋ ಮುಂಚೆಯೇ ತೆಗೆದುಕೊಂಡ ತೀರ್ಮಾನ. ಬಹುಪಾಲು ಜನ ಅದನ್ನು ಬದಲಿಸುವುದಿಲ್ಲ. ಬದಲಿಸದಿದ್ದರ ಫಲ ಉಣ್ಣುವವರು ಅವರೂ ಅಲ್ಲ. ಆ ಟೇಬಲ್ಲುಗಳಲ್ಲಿ ಅಂಕ, ವಿಳಾಸ, ಕಾಯಿಲೆಯ ವಿವರ ಇರುವ ಜನ ಉಣ್ಣುತ್ತಾರೆ. ಅವರಿಗೆ ಸ್ಕೀಮಾ ಎಂದರೇನೆಂದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಆದ್ದರಿಂದ ನನ್ನ ಹಟ ಇಷ್ಟು. ತಂತ್ರಾಂಶ ಹುಟ್ಟುವಾಗಲೇ ಬಾಗಿಲು ಮುಚ್ಚಿರಲಿ, ಬೇಕಾದವರು ತಿಳಿದು ತೆರೆದುಕೊಳ್ಳಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ನಾವು ಕಾವಲುಗಾರನನ್ನು ಹಂಗಿಸಲು ಬಳಸುತ್ತೇವೆ. ಅದನ್ನು ಬಾಗಿಲನ್ನು ತೆರೆದೇ ಕಟ್ಟಿದ ಶಿಲ್ಪಿಗೂ ಒಮ್ಮೆ ಹೇಳಬೇಕು. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ನಾಳೆ ತಂತ್ರಾಂಶ ಬರೆಯುವವರಾದರೆ, ದಯವಿಟ್ಟು ಕೈಪಿಡಿಯ ಹಿಂದೆ ಅಡಗಬೇಡಿ. ಈಗಾಗಲೇ ಪೋಸ್ಟ್‌ಗ್ರೆಸ್ ನೋಡಿಕೊಳ್ಳುತ್ತಿರುವವರಾದರೆ, ನಿಮ್ಮ ಪಬ್ಲಿಕ್‌ನಲ್ಲಿ ಸೃಷ್ಟಿಸುವ ಹಕ್ಕು ಯಾರ್ಯಾರಿಗಿದೆ ಎಂದು ಇವತ್ತೇ ನೋಡಿ.