ದನಕ್ಕೆ ಮನೆಬಾಗಿಲಲ್ಲಿ ಲಸಿಕೆ, ಕೋಳಿಗೆ ಯಾಕಿಲ್ಲ?

ಕೋಳಿಮರಿ ಹಂಚಿ ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮಗಳನ್ನು ಬಹಳ ಸಲ ವರದಿ ಮಾಡಿದ್ದೇನೆ. ಆ ಮರಿಗಳು ಆಮೇಲೆ ಏನಾದವು ಅಂತ ಯಾರೂ ಕೇಳಲ್ಲ. ಕೊಕ್ಕರೆ ರೋಗ ಹೊಕ್ಕರೆ ಊರಿನ ಗೂಡುಗಳೆಲ್ಲ ಖಾಲಿ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ಒಂದು ನಾಟಿ ಹೇಂಟೆಯನ್ನು ನನ್ನ ಹೆಸರಿಗೆ ಬಿಟ್ಟಿದ್ದಳು. ಬುಟ್ಟಿಯಲ್ಲಿ ಹುಲ್ಲು ಹಾಸಿ ಕಾವಿಗೆ ಕೂರಿಸಿದೆವು. 21 ದಿನಕ್ಕೆ ಒಂಬತ್ತು ಮರಿ. ನುಚ್ಚು ಹಾಕಿ, ಹದ್ದು ಕಾಯ್ದು ಬೆಳೆಸಿದೆ. ಮೊಟ್ಟೆ ಮಾರಿದ ದುಡ್ಡಲ್ಲಿ ನೋಟ್‌ಬುಕ್ ಬಂತು. ಬೇಸಿಗೆಯಲ್ಲಿ ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕುತ್ತ ಒಂದೊಂದಾಗಿ ಎಲ್ಲ ಸತ್ತವು. ‘ಕೋಳಿಗೆ ಇದು ಮಾಮೂಲಿ’ ಅಂದರು ಊರವರು.

ಮಾಮೂಲಿ ಅಲ್ಲ. ಇದಕ್ಕೆ ಲಸಿಕೆ ಇದೆ. ಆದರೆ ನೂರಾರು ಕೋಳಿಗೆ ಆಗುವಷ್ಟು ಒಂದೇ ಸೀಸೆಯಲ್ಲಿ ಬರುತ್ತೆ. ತಣ್ಣಗಿಡಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಹಾಕಿ ಮುಗಿಸಬೇಕು. ಹತ್ತು ಕೋಳಿ ಸಾಕಿದವಳು ಒಬ್ಬಳೇ ಹಾಕಿಸುವುದು ಹೇಗೆ? ದನದ ಕಾಲುಬಾಯಿ ಲಸಿಕೆ ಮಾತ್ರ ಮನೆಬಾಗಿಲಿಗೇ ಬರುತ್ತೆ. ಕೋಳಿ ದುಡ್ಡು ಹೆಂಗಸರದು, ಮಕ್ಕಳದು ಅಂತ ಈ ಅಸಡ್ಡೆಯೇ?

ಮರಿ ಹಂಚುವ ಮೊದಲು ಊರಿಗೊಂದು ಲಸಿಕೆ ದಿನ ನಿಗದಿಯಾಗಲಿ. ಮುಂದಿನ ಗ್ರಾಮಸಭೆಯಲ್ಲಿ ನೀವೇ ಎದ್ದು ಕೇಳಿ, ನಡಾವಳಿಯಲ್ಲಿ ಬರೆಸಿ.