ವಧಕೋಪದೇಶಕ್ಕೆ ವಿಹಾರವೆಂಬ ಹೆಸರು

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಪ್ಯೂಜೆಟ್ ಸೌಂಡ್ ಎಂಬ ಒಳಗಡಲಿದೆ. ಬೇಸಗೆಯ ಕೊನೆಯಿಂದ ಕೋಹೊ ಎಂಬ ಸಾಲ್ಮನ್ ಮೀನು ತಾನು ಹುಟ್ಟಿದ ಹೊಳೆಯನ್ನರಸಿ ಈ ದಾರಿಯಾಗಿ ಮರಳುತ್ತದೆ. ಅದು ಬರುವ ಮೊದಲೇ ಹವ್ಯಾಸಿ ಗಾಳಗಾರರು ದಡದ ಹೊಸ ತಾಣಗಳನ್ನು ಹುಡುಕತೊಡಗುತ್ತಾರೆ. ಇಳಿತದ ವೇಳೆ ನಡೆದು ತಳವನ್ನು ನೋಡಿಕೊಳ್ಳುತ್ತಾರೆ. ದಡದ ಬಳಿಯಲ್ಲೇ ಆಳ ಒಮ್ಮೆಗೇ ಹೆಚ್ಚುವುದೆಲ್ಲಿ, ಭೂಶಿರಕ್ಕೆ ಬಡಿದ ಪ್ರವಾಹ ಸುಳಿದು ಹಿಂದಿರುಗುವುದೆಲ್ಲಿ ಎಂದು ನಕ್ಷೆಯಲ್ಲಿ ಗುರುತಿಸುತ್ತಾರೆ. ಪಾಯಿಂಟ್ ನೋ ಪಾಯಿಂಟ್, ವಿಡ್ಬಿ ದ್ವೀಪದ ಬುಷ್ ಪಾಯಿಂಟ್ ಮೊದಲಾದ ದಡಗಳು ಎಲ್ಲರಿಗೂ ಗೊತ್ತಿರುವಂಥವು. ಆದುದರಿಂದ ಯಾರೂ ಕಾಣದ ತಾಣವನ್ನು ಕಂಡವನಿಗೆ ಗೆಳೆಯರಲ್ಲಿ ಮನ್ನಣೆ. ಸಿಯಾಟಲ್ ಸುತ್ತ ಉದ್ಯೋಗಕ್ಕೆಂದು ನೆಲೆಸಿದ ಶ್ರಾವಕ ಮನೆಯ ತರುಣನೊಬ್ಬ ಸಹೋದ್ಯೋಗಿಗಳೊಡನೆ ಹೋಗಿ, "ಗಾಳ ಮುಟ್ಟಲಿಲ್ಲ, ಜಾಗ ತೋರಿಸಿದೆನಷ್ಟೆ" ಎಂದರೆ ಮನೆಯ ಹಿರಿಯರು ಏನೆನ್ನಬೇಕು?

ಉತ್ತರ ಹೊಸದಲ್ಲ. ಅನರ್ಥದಂಡವನ್ನು ವಿವರಿಸುವಾಗ ತತ್ತ್ವಾರ್ಥಸೂತ್ರದ ವ್ಯಾಖ್ಯಾನಪರಂಪರೆಯು ಪಾಪೋಪದೇಶದೊಳಗೆ ವಧಕೋಪದೇಶವೆಂಬ ಭೇದವನ್ನು ಹೇಳುತ್ತದೆ. ಇಂಥ ಪ್ರದೇಶದಲ್ಲಿ ಇಂಥ ಮೃಗಪಕ್ಷಿಗಳಿವೆಯೆಂದು ಬೇಟೆಗಾರನಿಗೆ ತಿಳಿಸುವುದೇ ಅದು. ಅಲ್ಲಿ ದೋಷ ಹೊರಿಸಿರುವುದು ಬಲೆ ಬೀಸಿದವನ ಮೇಲಲ್ಲ, ಬೆರಳು ತೋರಿದವನ ಮೇಲೆ.

ಆಹಾರಕ್ಕಾಗಿ ಎಂಬ ಸಮರ್ಥನೆ ಲೆಕ್ಕದ ಪುಸ್ತಕದ ಮುಂದೆ ನಿಲ್ಲದು. ಪರವಾನಗಿ, ಗಾಳದ ಕೋಲು, ಪೆಟ್ರೋಲು, ಹೋದ ರಜೆ ಇವನ್ನೆಲ್ಲ ಖರ್ಚಿಗೆ ಬರೆದರೆ, ಒಂದೆರಡು ಮೀನು ಯಾವ ವ್ಯಾಪಾರಿಗೂ ಗಿಟ್ಟುವ ಸರಕಲ್ಲ. ಅಲ್ಲಿನ ಮೂಲನಿವಾಸಿಗಳ ಮಾತು ಬೇರೆ. ಅವರ ಹಕ್ಕು ಒಪ್ಪಂದಗಳಿಂದ ಬಂದುದು, 1974ರಲ್ಲಿ ನ್ಯಾಯಾಲಯ ಎತ್ತಿಹಿಡಿದುದು. ಅದೂ ಹಿಂಸೆಯೇ, ಆದರೆ ಅವರ ಬದುಕನ್ನು ಮುಂದೊಡ್ಡಿ ವಿನೋದದ ಹಿಂಸೆಯನ್ನು ಮರೆಮಾಡುವುದು ಸಲ್ಲದು.

ಮೊಟ್ಟೆಯಿಟ್ಟ ಮೇಲೆ ಹೇಗೂ ಸಾಯುವ ಮೀನಲ್ಲವೆ ಎಂಬುದು ಇನ್ನೊಂದು ವಾದ. ಕಡಲಲ್ಲಿ ಗಾಳಕ್ಕೆ ಸಿಗುವುದು ಇನ್ನೂ ಮೊಟ್ಟೆಯಿಡದ ಮೀನು. ಒಂದು ಹೆಣ್ಣಿನೊಡನೆ ಸಾವಿರಾರು ಮೊಟ್ಟೆಗಳೂ ಹೋಗುತ್ತವೆ.

"ಹಿಡಿದು ಬಿಡುತ್ತೇವೆ" ಎನ್ನುವವರೂ ಉಂಟು. ಅಲ್ಲಿ ಅನೇಕ ಕಡೆ ಕಾಡುಮೀನನ್ನು ಬಿಡಲೇಬೇಕು. ಸಾಕಣೆ ಕೇಂದ್ರದಲ್ಲಿ ಬೆನ್ನಿನ ಚಿಕ್ಕ ರೆಕ್ಕೆ ಕತ್ತರಿಸಿ ಬಿಟ್ಟುದನ್ನು ಮಾತ್ರ ಕೊಂಡೊಯ್ಯಬಹುದು. ಇದಕ್ಕೆ ಕೆಲವರು ಸೋಮದೇವಸೂರಿಯ ಯಶಸ್ತಿಲಕದ ಮೃಗಸೇನನನ್ನು ಸಾಕ್ಷಿಗೆ ಕರೆಯಬಹುದು. ಮೊದಲು ಬಲೆಗೆ ಬಿದ್ದ ಮೀನನ್ನು ಕೊಲ್ಲೆನೆಂದು ಮುನಿಯ ಮುಂದೆ ವ್ರತ ತೊಟ್ಟ ಆ ಬೆಸ್ತನಿಗೆ ಅದೇ ಮೀನು ಐದು ಸಲ ಸಿಕ್ಕಿತು; ಐದು ಸಲವೂ ಬಿಟ್ಟನು. ಬರಿಗೈಯಲ್ಲಿ ಮನೆಗೆ ಬಂದಾಗ ಹೆಂಡತಿ ಬಾಗಿಲು ಮುಚ್ಚಿದಳು. ಅವನು ಬಿಟ್ಟದ್ದು ತನ್ನ ಅನ್ನವನ್ನು. ದಂಡಕ್ಕೆ ಹೆದರಿ ಬಿಟ್ಟು, ಮರುಕ್ಷಣವೇ ಮತ್ತೆ ಗಾಳ ಎಸೆಯುವವನು ಏನನ್ನು ಬಿಟ್ಟಂತಾಯಿತು?

ಕಾರು ಓಡಿಸುವ ಶ್ರಾವಕನೂ ಇಲ್ಲಿ ನಿರ್ದೋಷಿಯಲ್ಲವೆಂಬುದನ್ನು ಒಪ್ಪಬೇಕು. ಸಿಯಾಟಲಿನ ಹೊಳೆಗಳಿಗೆ ಹಿಂದಿರುಗಿದ ಕೋಹೊ ಮೀನುಗಳು ಮಳೆಯ ನಂತರ ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದುದಕ್ಕೆ, ಟೈರುಗಳ ಸವೆತದಿಂದ ಹುಟ್ಟುವ ರಾಸಾಯನಿಕವೇ ಕಾರಣವೆಂದು 2020ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅಲ್ಲಿನ ಲಾಂಗ್‌ಫೆಲೋ ಹೊಳೆಯಲ್ಲಿ ಸ್ವಯಂಸೇವಕರು ಶರತ್ಕಾಲದಲ್ಲಿ ದಡ ನಡೆದು, ಸತ್ತ ಮೀನುಗಳನ್ನು ಎಣಿಸಿ, ಮೊಟ್ಟೆಯಿಟ್ಟಿದ್ದವೋ ಇಲ್ಲವೋ ಎಂದು ದಾಖಲಿಸುತ್ತಾರೆ. ನೀರನ್ನು ಓದಬಲ್ಲ ಕಣ್ಣುಳ್ಳ ತರುಣನಿಗೆ ಅಲ್ಲಿ ಬೇಕಾದಷ್ಟು ಕೆಲಸವಿದೆ.