ಕಾಗದದ ಕಿರೀಟ

ಹುಟ್ಟುಹಬ್ಬದ ದಿನ ಮಗುವಿನ ತಲೆಗೆ ಕಾಗದದ ಕಿರೀಟವಿಟ್ಟು ಹರಸುವ ಪದ್ಧತಿ ಅನೇಕ ಶಾಲೆಗಳಲ್ಲಿ ರೂಢಿಗೆ ಬಂದಿದೆ. ಇದು ಪರಕೀಯವೆಂದು ಹಿರಿಯರು ಕೆಲವರು ಮೂಗು ಮುರಿಯುವುದುಂಟು. ಬೆಂಡು ಬೇಗಡೆಗಳ ಬಾಸಿಂಗವನ್ನು ವಧೂವರರ ಹಣೆಗೆ ಕಟ್ಟುವ ನಾಡಿಗೆ ಇದು ಪರಕೀಯವಾದೀತು ಹೇಗೆ? ಆಕ್ಷೇಪಾರ್ಹವಾದುದು ಅಂಗಡಿಯಿಂದ ಕೊಂಡು ತರುವ ಕಿರೀಟ. ಉಳ್ಳವರ ಮಗು ಮಿರುಗುವ ಮುಕುಟ (ಮಕುಟವೆಂದರೂ ಸಾಧುವೇ) ಧರಿಸಿ ಕುಳಿತ ತರಗತಿಯಲ್ಲಿ ಇಲ್ಲದವರ ಮಗು ತನ್ನ ಹುಟ್ಟಿದ ದಿನವನ್ನೇ ಮುಚ್ಚಿಡುತ್ತದೆ.

28 ಅಂಗುಲ ಉದ್ದ, 22 ಅಂಗುಲ ಅಗಲದ ಒಂದು ಡ್ರಾಯಿಂಗ್ ಹಾಳೆಯನ್ನು ಅಡ್ಡಲಾಗಿ 4 ಅಂಗುಲದ ಪಟ್ಟಿಗಳಾಗಿ ಕತ್ತರಿಸಿದರೆ 7 ಮಕ್ಕಳಿಗೆ ಸಾಕು. ಪಟ್ಟಿಯನ್ನು ಮೂರು ಸಲ ನಡುವಿಗೆ ಮಡಿಸಿ, ಮೇಲ್ತುದಿಯನ್ನು ಒಮ್ಮೆ ಓರೆಯಾಗಿ ಕತ್ತರಿಸಿ ಬಿಡಿಸಿದರೆ ಶಿಖರಗಳು ಸಮನಾಗಿ ಮೂಡುತ್ತವೆ. ದಾರದಿಂದ ತಲೆಯ ಸುತ್ತಳತೆ ತೆಗೆದು, ಮೈದಾ ಅಂಟಿನಿಂದ ತುದಿಗಳನ್ನು ಕೂಡಿಸಬೇಕು. ಪಿನ್ನಾದರೆ ಕೂದಲಿಗೆ ಸಿಕ್ಕಿಕೊಳ್ಳುತ್ತದೆ. ಅಂದಗೆಟ್ಟಿತೆಂದು ಉಪಾಧ್ಯಾಯರು ಕತ್ತರಿ ಕಸಿದುಕೊಳ್ಳಬಾರದು. ಸೊಟ್ಟಗಾದರೂ ಸಹಪಾಠಿಗಳ ಕೈಯಿಂದಲೇ ಆಗಲಿ.

ಹುಟ್ಟಿದ ದಿನ ತಿಳಿಯದ ಮಕ್ಕಳಿಗೆ ಜೂನ್ 1 ಎಂದು ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ ವಾಡಿಕೆಯನ್ನು ಹಳೆಯ ವಿದ್ಯಾರ್ಥಿಗಳು ಬಲ್ಲರು. ಅವರಲ್ಲಿ ಎಷ್ಟೋ ಮಂದಿಯ ಜನ್ಮದಿನವೂ ಅದೇ. ಮನೆಯಲ್ಲಿ ಯಾರೂ ಆಚರಿಸದ ಆ ದಿನ ಶಾಲೆ ತೆರೆಯುವ ಹೊತ್ತಿನದೂ ಹೌದು. ಅಂದು ಅವರು ಶಾಲೆಗೆ ಬಂದು, ಮಕ್ಕಳು ಮಾಡಿದ ಕಿರೀಟಕ್ಕೆ ತಮ್ಮ ನರೆತ ತಲೆಯನ್ನೊಡ್ಡಲಿ. ದಾನಿಗಳು ಒಂದು ಕಟ್ಟು ಹಾಳೆಯನ್ನೂ ಮೊಂಡು ತುದಿಯ ಕತ್ತರಿಗಳನ್ನೂ ಕೊಟ್ಟರೆ ವರ್ಷವಿಡೀ ಸಾಕಾಗುತ್ತದೆ.